ಆಚಿನಾಡಿನ ಅತ್ಯಾ

ಅತ್ಯಾಗೆ ಬಲಗಡೆಯ ಹುಬ್ಬು ಇರಲಿಲ್ಲ. ಎಂದೋ ಪಂಪ್ ಸ್ಟೋವ್ ಭಗ್ಗೆಂದಾಗ ಸುಟ್ಟುಹೋದ ಹುಬ್ಬು ಮತ್ತೆ ಬೆಳೆದಿರಲಿಲ್ಲ. ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಕಾಡಿಗೆಯಿಂದ ಅದನ್ನು ಬರೆದುಕೊಳ್ಳುತ್ತಿದ್ದರು. ಬಸ್ಸಿಗೆ ಹೊತ್ತಾದ ದಿನ ಕೈ ತಪ್ಪಿ ಹುಬ್ಬು ಒಂದಿಷ್ಟು ಮೇಲೆ ಹೋಗುತ್ತಿತ್ತು. ಸಂಜೆಯವರೆಗೂ ಅವರ ಅರ್ಧ ಮುಖ ಏನನ್ನೋ ಕಂಡು ಬೆರಗಾದಂತೆ, ಇನ್ನರ್ಧ ತನಗೇನೂ ಸಂಬಂಧವಿಲ್ಲದಂತೆ ಇರುತ್ತಿತ್ತು. ಮಕ್ಕಳಿಗೆ ಸ್ಟೋವಿನ ಮಾತು ಹಿಡಿಸುತ್ತಿರಲಿಲ್ಲ. ಡ್ರ್ಯಾಗನ್ ಉಸಿರು ತಾಗಿ ಹುಬ್ಬು ಹೋಯಿತೆಂದೇ ಅವರ ನಂಬಿಕೆ. ಅತ್ಯಾ ಅದನ್ನು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ.

ನಾಗಪುರದ ಹೊರಗೆ ವಿದ್ಯುತ್ ಕೇಂದ್ರವೊಂದರ ನೌಕರರ ಕಾಲೊನಿಯಲ್ಲಿ ನಾವಿದ್ದೆವು. ತೊಂಬತ್ತರ ದಶಕದ ನಡುವಿನ ಮಾತು. ನಾನು ಆಗ ಬಿ.ಎಸ್ಸಿ. ಓದುತ್ತಿದ್ದೆ, ನನ್ನ ತಂಗಿಗೆ ಒಂಬತ್ತು. ಅತ್ಯಾ ನಮ್ಮ ಮೇಲಿನ ಮನೆಯಲ್ಲಿ ತಮ್ಮನ ಸಂಸಾರದ ಜೊತೆ ಇದ್ದರು. ಗದಗಿನ ಕಡೆಯವರು. ಮದುವೆಯಾಗಿರಲಿಲ್ಲ. ಪೇಟೆಯ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದರು. ತಮ್ಮನ ಮಕ್ಕಳಿಗೆ ಅತ್ಯಾ, ಹಾಗಾಗಿ ಇಡೀ ಕಟ್ಟಡಕ್ಕೆ ಅತ್ಯಾ. ಮರಾಠಿಯಲ್ಲೂ ಅದೇ ಮಾತು ಇರುವುದರಿಂದ ಅಕ್ಕಪಕ್ಕದ ಮಕ್ಕಳಿಗೂ ಅತ್ಯಾ.

ಬಸ್ಸಿನಲ್ಲಿ ಹೋಗಿಬರುವ ಹೊತ್ತಿನಲ್ಲಿ ಅವರು ಒಂದು ಲೋಕವನ್ನೇ ಕಟ್ಟಿದ್ದರು. ಅದಕ್ಕೆ ಆಚಿನಾಡು ಎಂದು ಹೆಸರು. ರವಿವಾರ ಮಧ್ಯಾಹ್ನ ಟೆರೇಸಿನಲ್ಲಿ, ಒಣಹಾಕಿದ ಸೀರೆಗಳ ನಡುವೆ ಕೂತು ಮಕ್ಕಳಿಗೆ ಹೇಳುತ್ತಿದ್ದರು. ನಾನು ಪುಸ್ತಕ ಹಿಡಿದು ದೂರ ಕೂತಿರುತ್ತಿದ್ದೆ, ಓದುತ್ತಿರಲಿಲ್ಲ.

ಆಚಿನಾಡಿನಲ್ಲಿ ಮೊದಲು ಸೂರ್ಯನಿರಲಿಲ್ಲ. ಒಂದು ಬೆಂಕಿಯಿತ್ತು, ಅದಕ್ಕೆ ಕೂರಲು ಜಾಗವಿರಲಿಲ್ಲ, ಕೂತಲ್ಲೆಲ್ಲ ಸುಡುತ್ತಿತ್ತು. ಅಲ್ಲಿದ್ದ ರೆಕ್ಕೆಯ ಹಾವುಗಳು, ಮಕ್ಕಳ ಬಾಯಲ್ಲಿ ಡ್ರ್ಯಾಗನ್‌ಗಳು, ಹೆದರಿ ಮೇಲಕ್ಕೆ ಹಾರಿಹೋದವು. ಅವೇ ಮೋಡಗಳು, ಓಡಿಹೋದ ನಾಚಿಕೆಗೆ ಈಗಲೂ ಅಳುತ್ತವೆ. ಆ ಹಾವುಗಳಲ್ಲಿ ಎಲ್ಲರಿಗಿಂತ ಸಣ್ಣವಳು ಮಾತ್ರ ನಿಂತು, ಬಾಯಿ ತೆರೆದು, ಬೆಂಕಿಗೆ ತನ್ನ ಹೊಟ್ಟೆಯಲ್ಲಿ ಜಾಗ ಕೊಟ್ಟಳು. ಅವಳೇ ಬೂದವ್ವ. ಉರಿ ತಾಳಲಾರದೆ ಅವಳು ಕೆಮ್ಮಿದಾಗ ಬಿದ್ದ ಬೂದಿಯೇ ಭೂಮಿಯಾಯಿತು.

ಅಲ್ಲಿ ಮಾಟವೂ ಉಂಟು, ಆದರೆ ಮಂತ್ರವಿಲ್ಲ. ಒಂದು ಮಾಟ ಮಾಡಬೇಕಾದರೆ ತನಗೆ ಗೊತ್ತಿರುವ ಒಂದನ್ನು ಮರೆತುಬಿಡಬೇಕು. ಬರಗಾಲದಲ್ಲಿ ಮಳೆ ತರಿಸಿದ ಮಾಟಗಾರ ತನ್ನ ಮನೆಯನ್ನೇ ಮರೆತ. ತಾನೇ ತರಿಸಿದ ಮಳೆಯಲ್ಲಿ ತೊಯ್ಯುತ್ತ ತನ್ನ ಬಾಗಿಲಿನ ಮುಂದೆ ನಿಂತು, ಇದು ಯಾರ ಮನೆ ಎಂದು ಕೇಳಿದ.

“ಆಂವನ ಹೆಂಡ್ತಿ ಒಳಗ ಕರೀಲಿಲ್ಲೇನು?” ಎಂದು ನನ್ನ ತಂಗಿ ಕೇಳಿದ್ದಳು.

“ಕರದ್ಳು. ಊಟಕ್ಕ ಹಾಕಿದ್ಳು. ಭಾಳ ಒಳ್ಳೆ ಹೆಂಗಸು ಅಂತ ಕೈಮುಗದು ಹೋದ.”

ತಂಗಿ ಆ ರಾತ್ರಿ ಊಟ ಮಾಡಲಿಲ್ಲ. ಅವ್ವ ಅತ್ಯಾರನ್ನು ಬೈದುಕೊಂಡೇ ಅವಳಿಗೆ ಹಾಲು ಕುಡಿಸಿದಳು.

ಅತ್ಯಾ ಭೂಗೋಳದವರು, ಆದ್ದರಿಂದ ಆಚಿನಾಡಿಗೆ ಗಾಳಿಯ ದಿಕ್ಕೂ ಇತ್ತು, ನದಿಗಳ ಏರಿಳಿತವೂ ಇತ್ತು. ನೆಲದ ಮೇಲೆ ಸೀಮೆಸುಣ್ಣದಿಂದ ನಕಾಶೆ ಬರೆಯುತ್ತಿದ್ದರು. ಮಳೆಗೆ ಅಳಿಸಿದರೆ ಮರುವಾರ ಅದೇ ನಕಾಶೆ ಮತ್ತೆ ಮೂಡುತ್ತಿತ್ತು. ತಪ್ಪಿದರೆ ಹಿಡಿಯಲು ನನ್ನ ತಂಗಿ ಕಾದು ಕೂತಿರುತ್ತಿದ್ದಳು.

“ಅತ್ಯಾ, ಬೂದವ್ವಗ ಮೂರ ಉಗುರು ಅಂದಿದ್ರಿ. ಈಗ ನಾಕು ಅಂದ್ರಿ.”

“ತಪ್ಪಾತು ನಮ್ಮವ್ವ. ಮೂರ. ನಿನ್ನ ಕೈಯಾಗ ಸಿಕ್ಕು ನನ್ನ ಹಾವಿನ ಉಗುರೂ ಉಳಿಯಂಗಿಲ್ಲ.”

ಅವಳನ್ನು ಅವರು ಸಣ್ಣಿ ಎಂದು ಕರೆಯುತ್ತಿದ್ದರು. ಆಚಿನಾಡಿಗೆ ಸೇರಿದ ಒಂದು ಆಟವೂ ಇತ್ತು. ಬೂದವ್ವ ತಲೆಯ ಮೇಲೆ ಹಾದುಹೋಗುವಾಗ ಯಾರೂ ನಿಂತಿರಬಾರದು. ಹೊಟ್ಟೆ ನೆಲಕ್ಕೆ ಹಚ್ಚಿ, ಕೈಕಾಲು ಅಗಲಿಸಿ, ಕೆನ್ನೆ ನೆಲಕ್ಕಿಟ್ಟು ಮಲಗಬೇಕು. ಅವಳು ಹೋಗುವವರೆಗೆ ಅಲುಗಬಾರದು. ಕಥೆಯ ನಡುವೆ ಅತ್ಯಾ ಇದ್ದಕ್ಕಿದ್ದಂತೆ “ಬೂದವ್ವ ಬಂದ್ಳು!” ಎಂದರೆ ಅಷ್ಟೂ ಮಕ್ಕಳು ಧೊಪ್ಪನೆ ಮಲಗಿಬಿಡುತ್ತಿದ್ದರು. “ಹೋದ್ಳು” ಎಂದ ಕೂಡಲೇ ಎದ್ದು ಹೋ ಎಂದು ಓಡುತ್ತಿದ್ದರು. ಟೆರೇಸಿನಲ್ಲಷ್ಟೇ ಅಲ್ಲ, ಮೆಟ್ಟಿಲ ಮೇಲೆ, ಬಸ್ ಸ್ಟಾಪಿನಲ್ಲಿ ಕೂಡ. ಬಟ್ಟೆ ಒಗೆಯುವ ತಾಯಂದಿರಿಗೆ ಈ ಆಟ ಕಂಡರಾಗುತ್ತಿರಲಿಲ್ಲ.

ಕಾಲೊನಿಯ ಹಿಂದೆ, ಬೇಲಿಯಾಚೆ, ಬೂದಿಕೆರೆ ಇತ್ತು. ಎಲ್ಲರೂ ಬಂಧಾರಾ ಎನ್ನುತ್ತಿದ್ದರು. ಕಲ್ಲಿದ್ದಲು ಉರಿದುಳಿದ ಬೂದಿಯನ್ನು ನೀರಿನಲ್ಲಿ ಕಲಸಿ ಅಲ್ಲಿ ಬಿಡುತ್ತಾರೆ. ಮೇಲೆ ಒಣಗಿ, ಬಿರುಕುಬಿಟ್ಟು, ಮೈದಾನದಂತೆ ಕಾಣುತ್ತದೆ. ಕೆಳಗೆ ಕೆಸರು. ಮಕ್ಕಳು ಆ ಕಡೆ ಕಾಲು ಹಾಕತೊಡಗಿದ್ದು ತಿಳಿದು ಅವ್ವ ಮೇಲಿನ ಮನೆಗೆ ಹೋದಳು.

“ಅಕ್ಕಾರ, ನಾವು ಬೈದ್ರ ಇವು ಕೇಳಂಗಿಲ್ಲ. ನಿಮ್ಮ ಆ ಹಾವಿಂದ ಏನರ ಒಂದು ಹೇಳ್ರಿ. ಹೆದರಿ ಮನ್ಯಾಗ ಬೀಳ್ಲಿ.”

ಮಕ್ಕಳನ್ನು ಹೆದರಿಸುವುದು ಅತ್ಯಾಗೆ ಬರುತ್ತಿರಲಿಲ್ಲ. ಅವರು ಆ ಜಾಗವನ್ನು ಪವಿತ್ರ ಮಾಡಿಬಿಟ್ಟರು. ಬಂಧಾರಾದಲ್ಲಿ ಬೂದವ್ವ ತತ್ತಿ ಇಟ್ಟಿದ್ದಾಳೆ, ಆ ಬೂದಿಯ ಪದರವೇ ಗೂಡಿನ ಮುಚ್ಚಳ, ಅದನ್ನು ಯಾರೂ ತುಳಿಯಬಾರದು ಎಂದರು. ಮಕ್ಕಳು ಆ ಕಡೆ ಹೋಗುವುದನ್ನು ಬಿಟ್ಟರು. ಬೇಲಿಯ ಹತ್ತಿರ ಬಂದಾಗ ಧ್ವನಿ ತಗ್ಗಿಸಿ ಮಾತಾಡುತ್ತಿದ್ದರು. ಅವ್ವ ಖುಷಿಯಾಗಿ ಅತ್ಯಾಗೆ ಚಕ್ಕುಲಿ ಕಳಿಸಿದಳು.

ಡಿಸೆಂಬರ್ ಬಂತು. ನಾಗಪುರದ ಚಳಿ, ಬೆಳಿಗ್ಗೆ ಬಾಲ್ಕನಿಯ ಕಟ್ಟೆ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಬೂದವ್ವ ಊಟ ಹುಡುಕಲು ಹೋದಾಗ ತತ್ತಿಗೆ ಚಳಿಯಾಗುವುದಿಲ್ಲವೇ ಎಂದು ತಂಗಿ ಕೇಳಿದಳು. ಅತ್ಯಾ ಬಸ್ಸಿಗೆ ಓಡುತ್ತಿದ್ದರು. “ಯಾರರ ಹೊಚ್ಚಬೇಕವಾ” ಎಂದು ಮೆಟ್ಟಿಲಿಳಿದರು. ನಾನೂ ಅವರ ಹಿಂದೆಯೇ ಇಳಿಯುತ್ತಿದ್ದೆ, ಕಾಲೇಜಿನ ಬಸ್ಸೂ ಅದೇ. ಆ ಮಾತು ನನ್ನ ಕಿವಿಗೂ ಬಿತ್ತು, ಆಚೆಗೂ ಹೋಯಿತು.

ಆ ರವಿವಾರ ಅತ್ಯಾ ಮತ್ತು ನಾನು ಸಂತೆ ಮುಗಿಸಿ ಚೀಲ ಹೊತ್ತುಕೊಂಡು ಬಂಧಾರಾದ ಏರಿಯ ಮೇಲೆ ಬರುತ್ತಿದ್ದೆವು. ಕೆಳಗೆ ಬೂದಿಯ ಬಯಲಿನಲ್ಲಿ ಕೆಂಪಗೆ ಏನೋ ಕಂಡಿತು. ಅವ್ವನ ಕೆಂಪು ಶಾಲು. ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಬರಿಗಾಲಲ್ಲಿ, ನನ್ನ ತಂಗಿ ಇನ್ನೂ ಒಳಗೆ ನಡೆಯುತ್ತಿದ್ದಳು. ಏರಿಯ ಮೇಲೆ ಕಾವಲಿನವನು ಮರಾಠಿಯಲ್ಲಿ ಕೂಗಿಕೊಳ್ಳುತ್ತಿದ್ದ, “ಏ ಪೋರೀ! ಪರತ್ ಯೇ! ಬುಡಶೀಲ್!” ಹಿಂದಕ್ಕೆ ಬಾ, ಮುಳುಗುತ್ತೀಯ ಎಂದು. ಅವಳು ತಿರುಗಿಯೂ ನೋಡಲಿಲ್ಲ. ಅವಳ ಕಾಲ ಕೆಳಗೆ ಪದರ ಕಾದಾರಿದ ಹಾಲಿನ ಕೆನೆಯಂತೆ ಬಾಗಿ ಮತ್ತೆ ಏಳುತ್ತಿತ್ತು. ಅದು ನನಗೆ ಕಂಡಿತು. ಈಗಲೂ ಕಾಣುತ್ತದೆ.

ನಾನು ಚೀಲ ಎಸೆದು ಇಳಿಜಾರಿನಲ್ಲಿ ಓಡಿದೆ. ದಂಡೆ ದಾಟಿ ಇಟ್ಟ ಮೊದಲ ಹೆಜ್ಜೆಗೇ ಮೊಣಕಾಲಿನವರೆಗೆ ಹೋದೆ. ಕೆಸರು ತಣ್ಣಗೆ, ಯಾರೋ ಕಾಲು ಹಿಡಿದಂತೆ ಬಿಗಿಯಾಗಿತ್ತು. ಹಿಂದಿನಿಂದ ನನ್ನ ಜಡೆಗೆ ಕೈ ಬಿತ್ತು. ಅತ್ಯಾ ಜಡೆ ಹಿಡಿದೇ ನನ್ನನ್ನು ಎಳೆದು ದಂಡೆಗೆ ಕೆಡವಿದರು.

“ಸುಮ್ನಿರು. ನೀ ಹೋದ್ರ ಎರಡೂ ಜೀವ ಹೋಗ್ತಾವ.”

ಆಮೇಲೆ ಅವರು ಕೂಗಿದರು. ಗಾಬರಿಯ ಕೂಗಲ್ಲ, ಟೆರೇಸಿನ ದನಿ.

“ಬೂದವ್ವ ಬಂದ್ಳು!”

ತಂಗಿ ಇದ್ದಲ್ಲೇ ಧೊಪ್ಪನೆ ಮಲಗಿದಳು. ಕೈಕಾಲು ಅಗಲಿಸಿ, ಕೆನ್ನೆ ಬೂದಿಗೆ ಹಚ್ಚಿ. ಬಾಗಿದ ಪದರ ಅಲ್ಲಿಗೇ ನಿಂತಿತು. ಕಾವಲಿನವನು ಬಿದಿರು ತರಲು ಓಡಿದ. ನಾನು ಉಸಿರು ಬಿಟ್ಟೆ. ಆಗ ನೋಡಿದೆ, ಅವಳ ಮೊಣಕೈ ಸುತ್ತ ಬೂದಿಬಣ್ಣದ ನೀರು ಜಿನುಗುತ್ತಿತ್ತು. ಅವಳು ಅಲುಗಲಿಲ್ಲ. ಅಲುಗಬಾರದಲ್ಲ.

“ಎದ್ದು ಬಾ ಅನ್ರೀ ಅತ್ಯಾ!” ಎಂದೆ.

“ಎದ್ಲು ಅಂದ್ರ ಮುಗೀತು.” “ಹೋದ್ಳು” ಎನ್ನುವಂತೆಯೂ ಇರಲಿಲ್ಲ, ಅಂದರೆ ತಂಗಿ ಜಿಗಿದು ಎದ್ದು ಓಡುತ್ತಾಳೆ. ಅತ್ಯಾರ ಕೈ ಇನ್ನೂ ನನ್ನ ಜಡೆಯಲ್ಲೇ ಇತ್ತು. ದನಿ ಟೆರೇಸಿನದೇ.

“ಸಣ್ಣೀ, ತಲಿ ಎತ್ತಬ್ಯಾಡ. ಹಲ್ಲಿ ಹಂಗ ತೆವಳಿಕೋತ ಬಾ. ಬೂದವ್ವ ಹಲ್ಲಿಗೆ ಏನೂ ಮಾಡಂಗಿಲ್ಲ.”

“ಹಂಗಿಲ್ಲ!” ಕೆನ್ನೆ ಎತ್ತದೆ ಅವಳು ಕೂಗಿದಳು. “ಆಕಿ ಹೋಗೋತನ ಅಲುಗಬಾರ್ದು ಅಂತ ನೀವ ಹೇಳೀರಿ!”

“ಹಲ್ಲಿ ಆಕಿಗೆ ಬೀಗರು. ಬೀಗರಿಗೆ ಮಾಫ್ ಐತಿ.”

“ಮೊದಲ ಯಾಕ ಹೇಳಿಲ್ಲ?”

“ಮರ್ತಿದ್ದೆ.”

“ಚೀಟಿಂಗ್!”

ನೀರು ಅವಳ ಕತ್ತಿನ ಹತ್ತಿರ ಬಂದಿತ್ತು. ಅತ್ಯಾ ಒಂದು ಕ್ಷಣ ಕಣ್ಣು ಮುಚ್ಚಿದರು.

“ಅದು ಕೊನೀ ಕಥಿಯೊಳಗ ಬರ್ತೈತಿ. ಅದಕ್ಕ ಹೇಳಿಲ್ಲ.”

ಅಲ್ಲಿಂದ ಅವಳ ದನಿ ಬಂತು, “ಕೊನೀ ಕಥಿ ಐತೇನು?”

“ಐತಿ.”

“ಬೂದವ್ವಂದು ಏನಾಕ್ಕೈತಿ ಅಂತ?”

“ಎಲ್ಲಾ. ಇಲ್ಲಿತನ ಹಲ್ಲಿ ಹಂಗ ಬಂದ್ರ ನಿನಗೊಬ್ಬಾಕಿಗೆ ಹೇಳ್ತೀನಿ.”

“ಪಕ್ಕಾ?”

“ಪಕ್ಕಾ.”

“ತತ್ತಿಗೆ ಇನ್ನೂ ಹೊಚ್ಚಿಲ್ಲ.”

“ಶಾಲು ಅಲ್ಲೇ ಬಿಡು, ತಾನ ಹೊಚ್ಚಿಕೊಳ್ತೈತಿ. ಹೊಟ್ಟಿ ಎತ್ತಬ್ಯಾಡ, ನಮ್ಮವ್ವ. ಹೊಟ್ಟಿ ಎತ್ತಬ್ಯಾಡ.”

ಅವಳು ಬಂದಳು. ಎಷ್ಟು ಹೊತ್ತು ಹಿಡಿಯಿತೋ ನನಗೆ ತಿಳಿಯದು. ಒಮ್ಮೆ ಬಲಗೈ ಪದರದೊಳಗೆ ಹೋಯಿತು, ಅವಳೇ ಎಳೆದುಕೊಂಡಳು. ಕಾವಲಿನವನು ಬಿದಿರು ಚಾಚಿದ. ಅವಳು ಹಿಡಿದಳು. ಮೂವರೂ ಎಳೆದೆವು. ಶಾಲು ಅಲ್ಲೇ ನಿಧಾನವಾಗಿ ಕಪ್ಪಾಗಿ ಒಳಗೆ ಹೋಯಿತು.

ಅತ್ಯಾ ಅವಳನ್ನು ಎತ್ತಿಕೊಂಡು ನೇರ ನಮ್ಮ ಬಚ್ಚಲಿಗೆ ಹೊಕ್ಕು ಬಾಗಿಲು ಹಾಕಿಕೊಂಡರು. ನಾನು ಅವ್ವನಿಗೆ ಏನೋ ಹೇಳಿದೆ, ಅವಳಿಗೆ ಎಷ್ಟು ತಿಳಿಯಿತೋ. ಅವ್ವ ಬಾಗಿಲು ಬಡಿಯತೊಡಗಿದಳು. “ಹೊರಗ ಬರ್ರಿ ಅಕ್ಕಾರ! ನಿಮ್ಮ ಕಥಿಗೆ ಬೆಂಕಿ ಹಾಕ! ನನ್ನ ಮಗಳು ಹೋಗ್ತಿದ್ಲು!” ಒಳಗೆ ತಂಬಿಗೆಯಿಂದ ನೀರು ಸುರಿಯುವ ಸದ್ದಷ್ಟೇ. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ತಂಗಿ ಟವೆಲ್ ಸುತ್ತಿಕೊಂಡು, ಬಿಸಿನೀರಿಗೆ ಕೆಂಪಗಾಗಿ ನಿಂತಿದ್ದಳು. ಯಾರೂ ಕೇಳುವ ಮೊದಲೇ ಹೇಳಿದಳು, “ಅತ್ಯಾ ನನಗ ಕೊನೀ ಕಥಿ ಹೇಳಿದ್ರು. ಪೂರ್ತಿ.” ಅತ್ಯಾರ ಸೀರೆ ತೊಯ್ದು ತೊಪ್ಪೆಯಾಗಿತ್ತು. ಹುಬ್ಬಿನ ಕಾಡಿಗೆ ಕೆನ್ನೆಗಿಳಿದಿತ್ತು. ಯಾರ ಮುಖವನ್ನೂ ನೋಡದೆ ಮೆಟ್ಟಿಲು ಹತ್ತಿದರು.

ಟೆರೇಸಿನ ರವಿವಾರಗಳು ನಿಂತವು. ಕೊನೆಯ ಕಥೆಗಾಗಿ ಮಕ್ಕಳು ತಂಗಿಯ ಬೆನ್ನು ಬಿದ್ದರು. ಬೋರೆಹಣ್ಣು ಕೊಟ್ಟರು, ಗಿಲ್ಲಿದರು, ಮಾತು ಬಿಟ್ಟರು. ಅವಳು ಬಾಯಿ ಬಿಡಲಿಲ್ಲ. ನನಗೂ ಹೇಳಲಿಲ್ಲ. ಪಕ್ಕದ ಮನೆಯಾಕೆ ಒಮ್ಮೆ ಅತ್ಯಾರ ಬಗ್ಗೆ ಹಗುರಾಗಿ ಆಡಿದಾಗ ಅವ್ವ, “ಕಥಿ ಹೇಳ್ರಿ ಅಂತ ಹೋಗಿ ಕೇಳಿದಾಕಿ ನಾನ” ಎಂದು ಬಾಯಿ ಮುಚ್ಚಿಸಿದಳು. ಆದರೆ ಅತ್ಯಾರ ಎದುರಿಗೆ ಅವ್ವ ಆ ಮಾತನ್ನು ಎಂದೂ ಅನ್ನಲಿಲ್ಲ.

ಆ ಬಯಲು ನನ್ನನ್ನು ಬಿಟ್ಟಿಲ್ಲ. ಸಮುದ್ರದ ದಂಡೆಯಲ್ಲಿ, ಹೊಸದಾಗಿ ಮಣ್ಣು ತುಂಬಿದ ಅಂಗಳದಲ್ಲಿ, ಕಾಲು ಊರುವ ಮೊದಲು ತುದಿಬೆರಳಿನಿಂದ ಒತ್ತಿ ನೋಡುತ್ತೇನೆ. ಅವರು ಜಡೆ ಹಿಡಿಯದಿದ್ದರೆ? ಅವಳು ಇನ್ನೊಂದು ಪ್ರಶ್ನೆ ಕೇಳಿದ್ದರೆ? ಚೌಕಾಶಿ ಮಾಡುತ್ತ ನಾವು ಸಂತೆಯಲ್ಲಿ ಇನ್ನಷ್ಟು ಹೊತ್ತು ನಿಂತಿದ್ದರೆ? ಒಮ್ಮೆ ಬಸ್ಸಿನಲ್ಲಿ ಅತ್ಯಾರ ಪಕ್ಕದಲ್ಲಿ ಕೂತಿದ್ದಾಗ ತಡೆಯಲಾಗದೆ ಕೇಳಿಬಿಟ್ಟೆ, “ಅತ್ಯಾ, ಆಕಿ ಕಥಿಯಿಂದ ಹೋದ್ಳೋ, ಕಥಿಯಿಂದ ಬಂದ್ಳೋ?”

ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. “ಎರಡೂ. ಅದಕ್ಕ ನನಗ ಮತ್ತ ಹೇಳೋ ಧೈರ್ಯ ಇಲ್ಲ” ಎಂದರು.

ಅತ್ಯಾ ತೀರಿಕೊಂಡದ್ದು ನಾಗಪುರದ ರಾಮದಾಸಪೇಠಿನ ಆಸ್ಪತ್ರೆಯೊಂದರಲ್ಲಿ, ಎರಡು ಸಾವಿರದ ನಂತರದ ಒಂದು ಬೇಸಿಗೆಯಲ್ಲಿ. ಮೂತ್ರಪಿಂಡ ಕೈಕೊಟ್ಟಿತ್ತು. ತಂಗಿ ಆಗ ಕಾಲೇಜಿನಲ್ಲಿದ್ದಳು. ಕೊನೆಯ ವಾರವೆಲ್ಲ ಅವಳೇ ಹತ್ತಿರವಿದ್ದಳು. ಎಲ್ಲ ಮುಗಿದ ಮೇಲೆ, ಆಸ್ಪತ್ರೆಯ ಎದುರಿನ ಚಹಾದಂಗಡಿಯ ಬೆಂಚಿನಲ್ಲಿ ನಾವಿಬ್ಬರೂ ಕೂತೆವು.

“ಈಗರ ಹೇಳು,” ಎಂದೆ. “ಏನಿತ್ತು ಆ ಕೊನೀ ಕಥಿ?”

“ಇರಲೇ ಇಲ್ಲಕ್ಕಾ.”

ನಾನು ಅವಳ ಮುಖ ನೋಡಿದೆ.

“ಬಚ್ಚಲದಾಗ ಅವರು ಬಾಯಿ ತಗದ್ರು, ಮಾತ ಬರಲಿಲ್ಲ. ನನ್ನ ತಲಿ ತಿಕ್ಕಿದ್ರು, ಅತ್ರು, ಮತ್ತ ತಿಕ್ಕಿದ್ರು. ಅವ್ವ ಹೊರಗ ಬಾಗಲಾ ಬಡಿಯಾಕತ್ತಿದ್ಲು. ಹೇಳಿಲ್ಲ ಅಂದಿದ್ರ ಎಲ್ಲಾರೂ ಅವರನ್ನ ಸುಳ್ಳಿ ಅಂತಿದ್ರು. ಅದಕ್ಕ ಹೇಳಿದ್ರು ಅಂದೆ.”

ಉಗುರುಗಳನ್ನು ಎಣಿಸುತ್ತಿದ್ದ ಹುಡುಗಿ, ಒಂದು ತಪ್ಪನ್ನೂ ಬಿಡದವಳು, ಒಂಬತ್ತು ವರ್ಷಕ್ಕೇ ಆ ಸುಳ್ಳನ್ನು ಹೊತ್ತು ಹೊರಗೆ ಬಂದಿದ್ದಳು. ಇಷ್ಟು ವರ್ಷ ಇಳಿಸಿರಲಿಲ್ಲ. ನಾನು ಅಷ್ಟೂ ವರ್ಷ ಅವಳ ಮೇಲೆ ಹೊಟ್ಟೆಕಿಚ್ಚುಪಟ್ಟಿದ್ದೆ.

“ಅವರು ಅದರ ಮಾತು ಮತ್ತ ಎತ್ತಲೇ ಇಲ್ಲೇನು?”

“ಮೊನ್ನೆ ಎತ್ತಿದ್ರು. ಹುಡುಗ್ರಿಗೆ ಕೊನೀ ಕಥಿ ಏನಂತ ಹೇಳೀದಿ ಅಂತ ಕೇಳಿದ್ರು. ಯಾರಿಗೂ ಹೇಳಿಲ್ಲ ಅಂದೆ. ಹಂಗಾದ್ರ ನನಗ ಹೇಳು ಅಂದ್ರು.”

“ಹೇಳಿದ್ಯಾ?”

“ನಾನ ಕಟ್ಟಿ ಹೇಳಿದೆ. ನಡುವ ಎರಡು ಕಡೆ ತಪ್ಪು ಹಿಡದ್ರು.” ಅವಳು ಚಹಾದ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. “ತಿದ್ದಿ, ಪೂರ್ತಿ ಹೇಳಿದೆ.”