ಸಿಳ್ಳೆಗೆ ಬಿಟ್ಟ ಸಂದಿ

ನಮ್ಮ ಹಲ್ಲಿನ ಡಾಕ್ಟ್ರಮ್ಮನ ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಸಂದಿಯಿತ್ತು. ಊರವರ ಹಲ್ಲನ್ನೆಲ್ಲ ನೆಟ್ಟಗೆ ಮಾಡುತ್ತಿದ್ದವರು ತಮ್ಮದನ್ನು ಮಾತ್ರ ಹಾಗೇ ಬಿಟ್ಟುಕೊಂಡಿದ್ದರು. ಕೆಲಸದಲ್ಲಿ ಮುಳುಗಿದಾಗ ಆ ಸಂದಿಯಿಂದ ಸಣ್ಣಗೆ ಸಿಳ್ಳೆ ಬರುತ್ತಿತ್ತು. ಅದು ಅವರಿಗೇ ಗೊತ್ತಾಗುತ್ತಿರಲಿಲ್ಲ.

ಚಳ್ಳಕೆರೆಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಗ ನಾನು ಹಲ್ಲುನೋವೆಂದು ಅವರಲ್ಲಿಗೆ ಹೋದವಳು. ನೋವು ಹೋದಮೇಲೂ ಹೋಗುತ್ತಿದ್ದೆ. ಅವರ ಕಿಟಕಿಯ ಕಟ್ಟೆಯ ಮೇಲೆ ಯಾರ್ಯಾರದೋ ಬಾಯಿಗಳ ಬಿಳಿ ಅಚ್ಚುಗಳು ಸಾಲಾಗಿ ಕೂತಿರುತ್ತಿದ್ದವು. ಎಣ್ಣೆಮಿಲ್ಲಿನ ಕಡೆಯಿಂದ ಶೇಂಗಾ ಹಿಂಡಿಯ ವಾಸನೆ ತೇಲಿಬರುವ ಮಧ್ಯಾಹ್ನಗಳಲ್ಲಿ, ಅವುಗಳ ಮೇಲೆ ಬಿಸಿಲು ಮೆಲ್ಲಗೆ ಸರಿಯುತ್ತಿದ್ದರೆ, ಎಲ್ಲ ಸೇರಿ ಏನೋ ಪಿಸುಗುಡುತ್ತಿವೆ ಅನ್ನಿಸಿ ನನಗೆ ಜೊಂಪು ಹತ್ತುತ್ತಿತ್ತು. ಈಗಲೂ ಆ ಕೋಣೆ ನೆನಪಾದರೆ ಎಚ್ಚರವೋ ಕನಸೋ ತಿಳಿಯುವುದಿಲ್ಲ.

ಹಲ್ಲು ಕಟ್ಟಿಸಲು ಬಂದವರನ್ನು ಅವರು ಮೊದಲು ಮಾತಿಗೆಳೆಯುತ್ತಿದ್ದರು. "ಈ ಬಾಯಾಗೆ ನೀವು ಏನೇನು ಮಾಡ್ತೀರಿ, ಹೇಳ್ರಿ." ಒಬ್ಬಳು ಎಲೆ‑ಅಡಿಕೆ ಅಂದರೆ ಇನ್ನೊಬ್ಬಳು ಸೊಸೆ ಜೊತೆ ಜಗಳ ಅನ್ನುತ್ತಿದ್ದಳು. ಅದನ್ನೂ ಗಂಭೀರವಾಗಿ ಕೇಳಿಸಿಕೊಂಡು, ಮೇಣದಲ್ಲಿ ಕೂರಿಸಿದ ಹಲ್ಲನ್ನು ಬಾಯಿಗಿಟ್ಟು, "ಎಲ್ಲಿ, ಸ್ವಲ್ಪ ಬೈರಿ ನೋಡಾನ" ಅನ್ನುತ್ತಿದ್ದರು. ಬೈಗುಳ ಸಲೀಸಾಗಿ ಬಂದರೆ ಹಲ್ಲು ಪಾಸು.

ದೇವಸಮುದ್ರದಲ್ಲಿ ಕುರಿ ಕಾಯುವ ನಮ್ಮಪ್ಪನ ಮೇಲಿನ ಹಲ್ಲುಗಳೆಲ್ಲ ಉದುರಿದಾಗ ನಾನೇ ಅವರ ಹತ್ತಿರ ಕರೆತಂದೆ. ಅದೇ ಪ್ರಶ್ನೆ ಬಂತು. ಅಪ್ಪ ನಾಚಿಕೊಂಡ.

"ಕುರಿ ಕರೀತಿದ್ದೆ ತಾಯಿ. ಮುಂದ್ಲ ಹಲ್ಲಿನ ಸಂದಿಯಾಗೆ ಸಿಳ್ಳೆ ಹಾಕಿದ್ರೆ ಎಲ್ಲಿದ್ರೂ ಬರ್ತಿದ್ವು. ಈಗ ಬರೀ ಗಾಳಿ."

ಡಾಕ್ಟ್ರಮ್ಮ ನಕ್ಕರು. "ನಂದೂ ಅಂಥದೇ ಐತೆ ನೋಡ್ರಿ. ಸಂದಿ ಬಿಟ್ಟೇ ಕಟ್ಸಿಕೊಡ್ತೀನಿ."

ಅವರಿಗೆ ಹಲ್ಲು ಮಾಡಿಕೊಡುತ್ತಿದ್ದ ಊರಿನ ಕೆಲಸಗಾರ ಆ ಹೊತ್ತಿಗೆ ಕಣ್ಣು ಮಂಜಾಗಿ ಕೆಲಸ ಬಿಟ್ಟಿದ್ದ. ಹಾಗಾಗಿ ಅಪ್ಪನ ಅಚ್ಚನ್ನು ಏಜೆಂಟನೊಬ್ಬನಿಗೆ ಕೊಟ್ಟರು. ಅವನು ಅದನ್ನು ಸಮುದ್ರದಾಚೆಯ ಯಾವುದೋ ದೇಶಕ್ಕೆ ಕಳಿಸಿ ಹಲ್ಲಿನ ಸೆಟ್ಟು ಮಾಡಿಸಿ ತರಿಸಿದ. ಬಂದದ್ದು ಕಣ್ಣು ಕುಕ್ಕುವಂತಿತ್ತು. ಅಂಗುಳಕ್ಕೆ ತೆಳ್ಳನೆಯ ಹೊಳೆಯುವ ತಗಡು, ಅದರಂಚಿಗೆ ಮುತ್ತು ಪೋಣಿಸಿದಂಥ ಸಾಲು. ಸಂದಿ ಮಾತ್ರ ಇರಲಿಲ್ಲ. ಅಲ್ಲಿಯ ಯಾರೋ ಅದನ್ನು ತಪ್ಪೆಂದು ತಿಳಿದು ಮುಚ್ಚಿಬಿಟ್ಟಿದ್ದರು.

"ವಾಪಸ್ ಕಳಿಸ್ತೀನಿ" ಎಂದರು ಡಾಕ್ಟ್ರಮ್ಮ.

"ಇರ್ಲಿ ಬಿಡ್ರಿ ತಾಯಿ, ಪಾಪ, ಅಷ್ಟು ದೂರದಿಂದ ಬಂದೈತೆ" ಎಂದ ಅಪ್ಪ, ಮನೆಗೆ ಬಂದ ನೆಂಟರ ವಿಷಯ ಮಾತಾಡುವಂತೆ. ಅವರೂ ಒಪ್ಪಿಬಿಟ್ಟರು.

ಊರಲ್ಲಿ ಅಪ್ಪನದೇ ಸುದ್ದಿಯಾಯಿತು. ತೆಲುಗು ಮನೆಮಾತಿನ ನೆರೆಯಾತ "ಫಾರಿನ್ ಪಳ್ಳು ಕದಾ!" ಎಂದು ಬಸ್‌ಸ್ಟ್ಯಾಂಡಿನಲ್ಲಿ ಅಪ್ಪನ ಬಾಯಿ ತೆರೆಸಿ ಎಲ್ಲರಿಗೂ ಆ ಹಲ್ಲು ತೋರಿಸಿದ. ಕುರಿಗಳು ಮಾತ್ರ ಅಪ್ಪನ ಕಡೆ ತಿರುಗಿ ನೋಡಲಿಲ್ಲ. ಕೆಲವು ದಿನಕ್ಕೆ ಅಪ್ಪನ ಊಟ ಕಡಿಮೆಯಾಯಿತು. ನೋಡಿದರೆ ಅಂಗುಳವೆಲ್ಲ ಕೆಂಪಗೆ ಹುಣ್ಣಾಗಿತ್ತು. ಡಾಕ್ಟ್ರಮ್ಮನಿಗೆ ಬೇಜಾರಾದೀತೆಂದು ಈ ಪುಣ್ಯಾತ್ಮ ತಗಡಿಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಸುಮ್ಮನಿದ್ದ. ನನಗೆ ಸಿಟ್ಟು ಬಂದು ಅವರಿಗೆ ಫೋನು ಮಾಡಿದೆ.

ಮರುದಿನ ಅವರೇ ಬಸ್ಸಿಳಿದು ಬಂದರು. ಹಟ್ಟಿಯ ಮುಂದೆ, ಕುರಿಗಳ ನಡುವೆಯೇ, ಅಪ್ಪನ ಬಾಯಿಂದ ಸೆಟ್ಟು ತೆಗೆದು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದರು.

"ಈ ತಗಡಿಗೆ ಏನು ಬೆರೆಸವ್ರೆ ಅಂತ ಏಜೆಂಟನ್ನ ಕೇಳ್ದೆ. ಗೊತ್ತಿಲ್ಲ ಅಂದ. ಮಾಡಿದ್ದು ಯಾರು ಅಂದೆ. ಅದೂ ಗೊತ್ತಿಲ್ಲವಂತೆ. ಇದನ್ನ ನಿಮ್ಮ ಬಾಯಿಗಿಡೋ ಮುಂಚೆ ಕೇಳ್ಬೇಕಿತ್ತು ಯಜಮಾನ್ರೇ. ತಪ್ಪು ನಂದು."

ಅಪ್ಪ ಬೊಚ್ಚುಬಾಯಲ್ಲಿ "ಬಿಡ್ತು ಅನ್ರಿ ತಾಯಿ" ಅಂದ.

ಆಮೇಲೆ ಅವರು ಬಳ್ಳಾರಿಯಲ್ಲಿ ಒಬ್ಬ ಕೆಲಸಗಾರನನ್ನು ಹುಡುಕಿದರು. ಹುಣ್ಣು ಮಾಯ್ದ ಮೇಲೆ ಹೊಸ ಅಚ್ಚು ತೆಗೆದು, ಊಟದ ಡಬ್ಬಿಯಲ್ಲಿ ಹತ್ತಿ ಹಾಸಿ ಇಟ್ಟುಕೊಂಡು, ಬಸ್ಸಿನಲ್ಲಿ ಹೋಗಿ ಎದುರಿಗೆ ಕೂತು ಮಾಡಿಸಿದರು. ಮೇಣದ ಹಲ್ಲು ಇಟ್ಟು ನೋಡಿದ ದಿನ ಅಪ್ಪನಿಗೆ ಸಿಳ್ಳೆಯೇ ಬರಲೊಲ್ಲದು. "ನಾಲಿಗೆ ಹಿಂಗೆ ಒತ್ರಿ" ಎಂದು ಡಾಕ್ಟ್ರಮ್ಮ ತಾವೇ ಹಾಕಿ ತೋರಿಸಿದರು. ಕಿಟಕಿಯ ಬಿಳಿ ಬಾಯಿಗಳ ಮುಂದೆ ಆ ಇಬ್ಬರೂ ನಿಂತು ಸಿಳ್ಳೆ ಹಾಕಿದ್ದು, ಹೊರಗೆ ಕಾಯುತ್ತಿದ್ದವರು ಪರದೆ ಸರಿಸಿ ಇಣುಕಿದ್ದು, ಎಲ್ಲ ನನ್ನೊಳಗೆ ಕನಸಿನ ಹಾಗೆ ಉಳಿದಿದೆ. ಅಂದಿನಿಂದ, ಮಾಡಿದ್ದು ಯಾರೆಂದು ಗೊತ್ತಿಲ್ಲದ ಹಲ್ಲನ್ನು ಅವರು ಯಾರ ಬಾಯಿಗೂ ಇಡಲಿಲ್ಲ.

ಕಳೆದ ಚಳಿಗಾಲದಲ್ಲಿ ಡಾಕ್ಟ್ರಮ್ಮ ತೀರಿಕೊಂಡರು. ಅವರ ಮಣ್ಣಿಗೆ ಹೋಗಿಬಂದ ಸಂಜೆ ಅಪ್ಪ ಹೊಲದ ಬದುವಿನ ಮೇಲೆ ಕೂತ. ದೂರದಲ್ಲಿ ಜಟಿಂಗ ರಾಮೇಶ್ವರದ ಬೆಟ್ಟ ಮಸುಕಾಗುತ್ತಿತ್ತು. ಕುರಿಗಳು ಅತ್ತ ಚದುರಿಹೋಗಿದ್ದವು.

"ಅಪ್ಪಾ, ಕತ್ಲಾಗ್ತೈತೆ" ಎಂದೆ.

ಅಪ್ಪ ತುಟಿ ಒದ್ದೆ ಮಾಡಿಕೊಂಡು ಸಿಳ್ಳೆ ಹಾಕಿದ. ಒಂದೆರಡು ಕುರಿ ತಲೆಯೆತ್ತಿದವು, ಆಮೇಲೆ ಇಡೀ ಹಿಂಡೇ ನಮ್ಮತ್ತ ತಿರುಗಿತು. ನನಗೆ ಅಳು ತಡೆಯಲಾಗಲಿಲ್ಲ.

"ಬಂದ್ವು ನೋಡಪ್ಪಾ."

"ನಾನೆಲ್ಲಿ ಕರ್ದೆ?" ಅಪ್ಪ ಬಾಯಿ ಮೇಲೆ ಕೈಯಿಟ್ಟುಕೊಂಡ. "ಡಾಕ್ಟ್ರಮ್ಮ ಕರ್ದ್ರು."