ಬಾಣಂತನಕ್ಕೊಂದು ವೀಸಾ

ಹರಪನಹಳ್ಳಿಯಲ್ಲಿ ನಿವೃತ್ತ ಇಂಗ್ಲಿಷ್ ಮೇಷ್ಟ್ರಿಗೆ ಪುರುಸೊತ್ತು ಅಂತ ಇರುವುದಿಲ್ಲ. ಬ್ಯಾಂಕಿನ ಪತ್ರ, ಆಸ್ಪತ್ರೆಯ ಚೀಟಿ, ಮೊಬೈಲಿಗೆ ಬಂದ ಅರ್ಥವಾಗದ ಸಂದೇಶ, ಎಲ್ಲವೂ ನಮ್ಮ ಮನೆಯ ಕಟ್ಟೆಗೇ ಬರುತ್ತವೆ. ನಾನು ಗೊಣಗುತ್ತೇನೆ. ಯಾರೂ ಬಾರದ ದಿನ ಇನ್ನೂ ಜಾಸ್ತಿ ಗೊಣಗುತ್ತೇನೆ ಎಂದು ನನ್ನ ಹೆಂಡತಿಯ ದೂರು. ಹಾಗೆ ಬಂದವರಲ್ಲಿ ಒಬ್ಬಾಕೆಗೆ ನಾನು ಎರಡು ಸಲ ಅನ್ಯಾಯ ಮಾಡಿದೆ. ಎರಡು ಸಲವೂ ಉಪಕಾರ ಮಾಡುತ್ತಿದ್ದೇನೆ ಎಂದೇ ನಂಬಿದ್ದೆ.

ಆಕೆ ನೀಲಗುಂದದ ಕಡೆಯವಳು, ಕುರಿ ಸಾಕುವ ಮನೆಯವಳು. ಮಗಳು ಹೈಸ್ಕೂಲಿನಲ್ಲಿ ನನ್ನ ಕೈಯಲ್ಲಿ ಓದಿದವಳು. ಮುಂದೆ ನರ್ಸಿಂಗ್ ಮಾಡಿ, ಈಗ ಗಂಡನ ಜೊತೆ ಇಂಗ್ಲೆಂಡಿನಲ್ಲಿದ್ದಾಳೆ, ಆಸ್ಪತ್ರೆಯೊಂದರಲ್ಲಿ ಕೆಲಸ. ಆ ಹುಡುಗಿ ಬಸಿರಾಗಿ ಆರು ತಿಂಗಳು ತುಂಬಿದಾಗ ತಾಯಿ ಒಂದು ಬೆಳಿಗ್ಗೆ ಬಂದು ಕಟ್ಟೆಯ ಮೇಲೆ ಕೂತಳು.

“ಚೊಚ್ಚಲ ಬಾಣಂತನ ನಮ್ದು ಸರ. ಆಕಿಗೆ ಇಲ್ಲಿಗೆ ಬರಾಕ ಆಗಂಗಿಲ್ಲಂತ. ಅತ್ತಿನೂ ಇಲ್ಲ, ತೀರಿಕಂಡು ನಾಕು ವರ್ಷಾತು. ನಾನ ಹೋಗಬೇಕು. ವೀಸಾದ ಅರ್ಜಿ ಬರಕೊಡ್ರಿ.”

ಇದು ಭೇಟಿಗೆ ಹೋಗುವವರ ವೀಸಾ ಎಂದು ಆಕೆಗೆ ಬಿಡಿಸಿ ಹೇಳಿದೆ. ಹೋಗಬಹುದು, ನೋಡಬಹುದು, ಹೆಚ್ಚೆಂದರೆ ಆರು ತಿಂಗಳು ಇರಬಹುದು. ಅಲ್ಲಿ ದುಡಿಯುವ ಹಾಗಿಲ್ಲ, ಅಲ್ಲೇ ನಿಲ್ಲುವ ಹಾಗಿಲ್ಲ. ಆಕೆ ಎಲ್ಲದಕ್ಕೂ ತಲೆಯಾಡಿಸಿದಳು. ಮಗಳ ಹೆರಿಗೆಯ ಹೊತ್ತಿಗೆ ಮಗಳ ಹತ್ತಿರ ಇರಬೇಕು, ಆಕೆಗೆ ಬೇಕಾದದ್ದು ಅಷ್ಟೇ.

ಕಂಪ್ಯೂಟರಿನ ಮುಂದೆ ಕೂತು ಅರ್ಜಿಯ ಒಂದೊಂದೇ ಪ್ರಶ್ನೆ ಕೇಳುತ್ತಾ ಹೋದೆ.

“ನಿನ್ನ ಉದ್ಯೋಗ ಏನವ್ವ?”

“ನಂದೇನು ಉದ್ಯೋಗ ಸರ? ಏನಿಲ್ಲ. ಮನ್ಯಾಗ ಅದೀನಿ.”

ಉದ್ಯೋಗವಿಲ್ಲ, ಗೃಹಿಣಿ ಎಂದು ತುಂಬಿದೆ.

“ಎಷ್ಟು ದಿನ ಇರ್ತಿ?”

“ಐದು ತಿಂಗಳು.” ಬಾಣಂತನ ಮುಗಿಸುವುದು ನಮ್ಮ ಕಡೆ ಮೂರಕ್ಕೆ, ಇಲ್ಲವೇ ಐದಕ್ಕೆ. ಆಕೆ ಐದು ಎಂದಳು, ನಾನು ಐದು ಎಂದು ಬರೆದೆ.

“ಅಲ್ಲಿ ಏನೇನು ಮಾಡ್ತಿ?”

ಈ ಪ್ರಶ್ನೆಗೆ ಆಕೆಯ ಮುಖ ಅರಳಿತು. ಕೂಸಿಗೆ ಎಣ್ಣೆ ತಿಕ್ಕಿ ನೀರು ಹಾಕುವುದು, ಬಾಣಂತಿಗೆ ಖಾರ ಕಡಿಮೆ ಮಾಡಿ ಅಡುಗೆ, ಬಟ್ಟೆ ಒಗೆಯುವುದು, ಮಗಳು ಡ್ಯೂಟಿಗೆ ಹೋದರೆ ಕೂಸನ್ನು ನೋಡಿಕೊಳ್ಳುವುದು. ಅದನ್ನೆಲ್ಲ ಕೂಡಿಸಿ ಎರಡು ಪುಟದ ಇಂಗ್ಲಿಷ್ ಪತ್ರ ಬರೆದೆ. ಬಹಳ ವರ್ಷದಿಂದ ಅಂಥ ಇಂಗ್ಲಿಷ್ ಬರೆದಿರಲಿಲ್ಲ. ಹೆಂಡತಿಗೆ ಓದಿ ಹೇಳಿ, ಆಕೆಗೆ ಅರ್ಥವಾಗದಿದ್ದರೂ ಒಂದು ಶಹಬ್ಬಾಸ್ ಗಿಟ್ಟಿಸಿಕೊಂಡೆ.

ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕಿತ್ತು. ಆಕೆಯ ಗಂಡ ಹಿಂಡು ಹೊಡೆದುಕೊಂಡು ಮೇವಿರುವ ನೀರಾವರಿ ಕಡೆಗೆ ಹೋಗಿದ್ದರಿಂದ ನಾನೂ ನನ್ನ ಹೆಂಡತಿಯೂ ಜೊತೆಗೆ ಹೊರಟೆವು. ಅಲ್ಲಿನ ಯಂತ್ರ ಆಕೆಯ ಬೆರಳನ್ನು ಒಪ್ಪಲೇ ಇಲ್ಲ. ಬೆರಳ ತುದಿಯ ಗೆರೆಗಳೆಲ್ಲ ಸವೆದು ಹೋಗಿದ್ದವು. ಅಲ್ಲಿದ್ದ ಹುಡುಗಿ ಒದ್ದೆ ಬಟ್ಟೆಯಿಂದ ಒರೆಸಿ, ಒತ್ತಿ ಹಿಡಿದು, ಮೂರನೆಯ ಸಲಕ್ಕೆ ಹೇಗೋ ತೆಗೆದುಕೊಂಡಳು. ಏನು ಕೆಲಸ ಮಾಡ್ತೀರಮ್ಮ ಎಂದು ಕೇಳಿದಳು. “ಏನಿಲ್ಲವ್ವ, ಮನ್ಯಾಗ ಅದೀನಿ,” ಎಂದಳು ಈಕೆ. ನಾನು ಪಕ್ಕದಲ್ಲೇ ನಿಂತು ಆ ಬೆರಳುಗಳನ್ನೂ ನೋಡಿದೆ, ಆ ಮಾತನ್ನೂ ಕೇಳಿಸಿಕೊಂಡೆ. ನನ್ನ ತಲೆಗೆ ಏನೂ ಹೊಳೆಯಲಿಲ್ಲ.

ಮೂರು ವಾರಕ್ಕೆ ಉತ್ತರ ಬಂತು. ವೀಸಾ ಇಲ್ಲ. ಕಾರಣಗಳನ್ನು ಸಾವಧಾನವಾಗಿ, ಒಂದೊಂದಾಗಿ ಬರೆದಿದ್ದರು. ಅರ್ಜಿದಾರಳಿಗೆ ಉದ್ಯೋಗವಿಲ್ಲ. ಜಮೀನು ಆಕೆಯ ಹೆಸರಿನಲ್ಲಿಲ್ಲ. ಐದು ತಿಂಗಳು ಮನೆ ಬಿಟ್ಟಿರಬಲ್ಲವಳನ್ನು ಮರಳಿ ಊರಿಗೆ ಎಳೆಯುವಂಥದ್ದು ಏನೂ ಕಾಣುವುದಿಲ್ಲ. ಪತ್ರದಲ್ಲಿ ಹೇಳಿರುವುದು ಭೇಟಿಯಲ್ಲ, ಮಗು ನೋಡಿಕೊಳ್ಳುವ ಕೆಲಸ. ನನಗೆ ಮೈಯೆಲ್ಲ ಉರಿಯಿತು. ತಾಯಿ ಮಗಳ ಬಾಣಂತನ ಮಾಡುವುದನ್ನು ಕೆಲಸ ಎನ್ನುವ ಇವರಿಗೆ ತಾಯಂದಿರಿಲ್ಲವೇ ಎಂದು ಕೂಗಾಡಿದೆ.

ಹೆಂಡತಿ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. “ಅವರದೇನು ತಪ್ಪೈತಿ? ನೀವು ಬರದದ್ದನ್ನ ಅವರು ಓದ್ಯಾರ. ಆಕಿ ಏನಿಲ್ಲ ಅಂದ್ರ ನೀವು ಏನಿಲ್ಲ ಅಂತ ಬರಿಯಾದು? ನಂದೂ ಎಲ್ಲಾ ಕಡಿ ಹಂಗ ಬರಸೀರಿ ಬಿಡ್ರಿ.”

ನಾನು ಆ ಪತ್ರವನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಸುದ್ದಿ ಹೇಳಲು ನಾನೇ ಆಕೆಯ ಊರಿಗೆ ಹೋದೆ. “ಕೂಡ್ರಿ ಸರ, ಈಗ ಬಂದೆ,” ಎಂದಳು. ಆ ಈಗ ಅನ್ನುವುದು ಮುಗಿಯಲು ಅರ್ಧ ತಾಸಿನ ಮೇಲಾಯಿತು. ಹಿಂಡಿನ ಜೊತೆ ನಡೆಯಲಾಗದ ಮರಿಗಳು, ಈದ ಕುರಿಗಳು, ಕುಂಟು ಕುರಿಗಳು, ಎಲ್ಲ ಸೇರಿ ನಲವತ್ತರ ಮೇಲೆ ಅಲ್ಲಿದ್ದವು. ಒಂದರ ಬಾಯಿ ಹಿಡಿದು ಔಷಧ ಹಾಕಿದಳು, ಮರಿ ಒಲ್ಲೆನೆಂದ ಕುರಿಯನ್ನು ಕಾಲಲ್ಲಿ ಒತ್ತಿ ಹಿಡಿದು ಮರಿಗೆ ಹಾಲು ಕುಡಿಸಿದಳು. ನಡುವೆ ಮೆಕ್ಕೆಜೋಳದ ಹೊಲಕ್ಕೆ ಯಾರು ಬರಬೇಕು, ಎಷ್ಟು ಹೊತ್ತಿಗೆ ಬರಬೇಕು ಎಂದು ಫೋನಿನಲ್ಲಿ ಜೋರು ಮಾಡಿದಳು. ಉದ್ಯೋಗವಿಲ್ಲ ಎಂದು ನಾನು ಬರೆದಿದ್ದು ಈಕೆಯ ಬಗ್ಗೆಯೇ. ನನಗೆ ನಾಚಿಕೆಯಾಯಿತು.

ವಿಷಯ ಹೇಳಿದೆ. ಆಕೆ ಅಳಲಿಲ್ಲ. “ನಾನು ವಾಪಸ್ ಬರಂಗಿಲ್ಲ ಅಂತ ತಿಳಕಂಡ್ರೇನು? ಇವನ್ನೆಲ್ಲ ಬಿಟ್ಟು ಯಾರ್ ಇರ್ತಾರ ಸರ ಅಲ್ಲಿ?” ಎಂದಳು. ಆಮೇಲೆ, “ಇನ್ನೊಂದು ಸಲ ಹಾಕಬಹುದೇನು? ಐದು ಬ್ಯಾಡ. ಒಂದು ತಿಂಗಳು ಅಂತ ಬರೀರಿ,” ಎಂದು ಮುಖ ಆ ಕಡೆ ತಿರುಗಿಸಿದಳು. ಒಂದು ತಿಂಗಳಿಗೆ ಬಾಣಂತಿಯನ್ನು ಬಿಟ್ಟು ಬರುವುದೆಂದರೆ ಆಕೆಗೆ ಏನೆಂದು ನನಗೆ ಗೊತ್ತಿತ್ತು.

ಎರಡನೆಯ ಅರ್ಜಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಕುರಿ ಸಾಕಣೆ, ಒಕ್ಕಲುತನ. ಪಶು ಆಸ್ಪತ್ರೆಯ ಡಾಕ್ಟರು, ವರ್ಷವರ್ಷವೂ ಕುರಿಗಳಿಗೆ ಲಸಿಕೆ ಹಾಕಿಸುವವಳು ಈಕೆಯೇ ಎಂದು ಬರೆದುಕೊಟ್ಟರು. ಉದ್ದೇಶ: ಮಗಳನ್ನೂ ಮೊಮ್ಮಗುವನ್ನೂ ನೋಡಿ ಬರುವುದು. ಮತ್ತೊಮ್ಮೆ ಬೆಂಗಳೂರು, ಮತ್ತೊಮ್ಮೆ ಬೆರಳು. ಈ ಸಲ ವೀಸಾ ಬಂತು, ಆರು ತಿಂಗಳ ಅವಧಿಯದು. ಆದರೆ ಅಷ್ಟರಲ್ಲಿ ಮಗಳಿಗೆ ಒಂಬತ್ತು ತುಂಬಿ, ಟಿಕೆಟ್ ಸಿಕ್ಕು ಆಕೆ ಹೊರಡುವ ಹೊತ್ತಿಗೆ ಅಲ್ಲಿ ಹೆಣ್ಣು ಕೂಸು ಹುಟ್ಟಿ ಎಂಟು ದಿನವಾಗಿತ್ತು.

ಹೊರಡುವ ಮೊದಲು ಆಕೆಯನ್ನು ಕೂರಿಸಿಕೊಂಡು ಪಾಠ ಮಾಡಿದೆ. ಒಮ್ಮೆ ಸುಟ್ಟುಕೊಂಡವನಿಗೆ ಎಷ್ಟು ಹೆದರಿಕೆ ಇರಬೇಕೋ ಅದರ ಎರಡರಷ್ಟು ನನಗಿತ್ತು.

“ಇಳಿದ ಕೂಡ್ಲೆ ಯಾಕ ಬಂದಿ ಅಂತ ಕೇಳ್ತಾರ. ಮಗಳನ್ನ, ಮೊಮ್ಮಗಳನ್ನ ನೋಡಾಕ ಬಂದೀನಿ ಅನ್ನು. ಬಾಣಂತನ ಅನ್ನಬ್ಯಾಡ. ಕೂಸು ನೋಡ್ಕಳಾಕ ಅಂತ ಬಾಯಿ ತಪ್ಪಿನೂ ಅನ್ನಬ್ಯಾಡ. ಕೆಲಸಕ್ಕ ಬಂದಾಳ ಅಂತಾರ.”

ಹತ್ತು ಸಲ ಹೇಳಿಸಿದೆ. ಆಕೆ ತಪ್ಪದೆ ಒಪ್ಪಿಸಿದಳು. ಆಮೇಲೆ ಮೆಲ್ಲಗೆ, “ತಪ್ಪಿದ್ರ ಮಗಳಿಗೇನಾರ ತೊಂದ್ರಿ ಆಕ್ಕೈತೇನು ಸರ?” ಎಂದು ಕೇಳಿದಳು. ಮಕ್ಕಳನ್ನು ಹೆದರಿಸಿಯೇ ಪಾಠ ಕಲಿಸಿದ ನಾಲಿಗೆ ನನ್ನದು. “ಆದ್ರೂ ಆಗಬಹುದು. ಹುಷಾರಾಗಿರು,” ಎಂದುಬಿಟ್ಟೆ.

ವೀಸಾಕ್ಕೆ ಇನ್ನೂ ಅವಧಿ ಇತ್ತು. ಮಗಳು ಅಳಿಯ ಇರು ಎಂದು ಬಹಳ ಹೇಳಿದರಂತೆ. ಆಕೆ ಮೂವತ್ತು ದಿನಕ್ಕೆ ಸರಿಯಾಗಿ ಅಲ್ಲಿಂದ ಹೊರಟಳು, ಬರೆದುಕೊಟ್ಟಾಗಿದೆ ಎಂದು. ಬಂದ ನಾಲ್ಕನೆಯ ದಿನ ನಮ್ಮ ಕಟ್ಟೆಗೆ ಬಂದಳು. ಕೂಸಿನ ಫೋಟೋ ತೋರಿಸಿದಳು. ಅಲ್ಲಿನ ಚಳಿ, ಬಾಯಿಗೆ ಹತ್ತದ ಬ್ರೆಡ್ಡು, ಎಲ್ಲ ಹೇಳಿದಳು. ನನ್ನ ಹೆಂಡತಿ ಚಹಾ ತಂದಿಟ್ಟು ಪಕ್ಕದಲ್ಲಿ ಕೂತಳು.

“ನೀವು ಹೇಳಿದಂಗ ನಡಕಂಡೆ ಸರ,” ಎಂದಳು. “ವಿಮಾನ ಇಳಿದಲ್ಲಿ ಕೇಳಿದ್ರು, ನೋಡಾಕ ಬಂದೀನಿ ಅಂದೆ. ಮನಿಗೆ ಹೋದ ಮ್ಯಾಲೂ ಕೂಸಿನ್ನ ಮುಟ್ಟಲಿಲ್ಲ. ಎರಡು ದಿನ ಕುರ್ಚಿ ಮ್ಯಾಲ ಕುಂತು ನೋಡಿದೆ.”

ನನಗೆ ತಕ್ಷಣ ಅರ್ಥವಾಗಲಿಲ್ಲ. ಆಕೆಯೇ ಬಿಡಿಸಿ ಹೇಳಿದಳು. ಹೊಲಿಗೆ ಹಾಕಿದ್ದ ಮಗಳು ನೋವು ತಡೆದುಕೊಂಡು ಎದ್ದು, ಪ್ಲಾಸ್ಟಿಕ್ ತೊಟ್ಟಿಯಲ್ಲಿ ಕೂಸಿಗೆ ನೀರು ಹಾಕುತ್ತಿದ್ದಳಂತೆ. ಈಕೆ ಕೈ ಎರಡೂ ಮಡಿಲಲ್ಲಿಟ್ಟುಕೊಂಡು ಎದುರಿಗೆ ಕೂತಿದ್ದಳಂತೆ. ಮುಟ್ಟಿದರೆ ಮಗಳ ನೌಕರಿಗೆ ಕುತ್ತು ಬರುತ್ತದೆಂಬ ಹೆದರಿಕೆ. ಮೂರನೆಯ ದಿನ ಮಗಳು ಅತ್ತುಬಿಟ್ಟಳು, ಹೆಣ್ಣು ಹುಟ್ಟಿತೆಂದು ನನ್ನ ಮೇಲೆ ಸಿಟ್ಟೇನವ್ವ ಎಂದು. ಆಗ ಈಕೆ ನನ್ನ ಪಾಠವನ್ನೆಲ್ಲ ಹೇಳಿದಳು. ಮಗಳು ಅಳುತ್ತಲೇ ನಕ್ಕು, ಕೂಸನ್ನು ತಂದು ತಾಯಿಯ ಮಡಿಲಿಗೆ ಹಾಕಿದಳು.

ಆಕೆ ಇದನ್ನು ನಗುತ್ತಲೇ ಹೇಳಿದಳು. ನನ್ನ ಹೆಂಡತಿ ನನ್ನ ಕಡೆ ನೋಡಲಿಲ್ಲ, ಅದರಿಂದಲೇ ನನಗೆ ಹೆಚ್ಚು ನೋವಾಯಿತು. ಐದು ತಿಂಗಳು ಕೇಳಿದವಳಿಗೆ ಒಂದು ತಿಂಗಳು ಸಿಕ್ಕಿತ್ತು. ಅದರಲ್ಲೂ ಎರಡು ದಿನ ನಾನು ಕಿತ್ತುಕೊಂಡಿದ್ದೆ.

“ನನ್ನ ತಪ್ಪವ್ವ ಅದು,” ಎಂದೆ.

“ಬಿಡ್ರಿ ಸರ,” ಎಂದಳು ಆಕೆ. “ಉಳಿದ ದಿನ ಅಷ್ಟೂ ನಾನ ನೀರು ಹಾಕೀನಿ.”