ಹೆತ್ತೆಯ ಮೀಸೆ

ಊಟಿಯ ಕಾಲೇಜಿನಲ್ಲಿ ಎಂ.ಎ. ಓದುತ್ತಿದ್ದಾಗ ನನ್ನ ಪ್ರಾಜೆಕ್ಟಿನ ವಿಷಯ ‘ಆನ್‌ಲೈನ್ ಜಗತ್ತಿನಲ್ಲಿ ಸ್ವಂತ ಗುರುತು’. ಜನ ವಾಟ್ಸಾಪಿಗೆ ಯಾವ ಫೋಟೊ ಹಾಕುತ್ತಾರೆ, ಯಾಕೆ ಹಾಕುತ್ತಾರೆ ಎಂದು ಕೇಳಿ ಬರೆಯಬೇಕಿತ್ತು. ಚಳಿಯಲ್ಲಿ ಅಲೆಯುವ ಮನಸ್ಸಿಲ್ಲದೆ ಕಟ್ಟಬೆಟ್ಟಿನ ಹತ್ತಿರದ ನಮ್ಮ ಹಟ್ಟಿಗೇ ಬಂದು, ಒಲೆಯ ಪಕ್ಕ ಕೂತಿದ್ದ ಹೆತ್ತೆಯಿಂದ ಶುರು ಮಾಡಿದೆ. ಹೆತ್ತೆ ಎಂದರೆ ನಮ್ಮಲ್ಲಿ ಅಜ್ಜಿ.

ಅವಳಿಗೆ ವಾಟ್ಸಾಪ್ ಇದೆಯೆಂಬುದೇ ಮನೆಯವರಿಗೆ ಗೊತ್ತಿರಲಿಲ್ಲ. ತೆರೆದು ನೋಡಿದರೆ ಹೆಸರಿನ ಜಾಗದಲ್ಲಿ ಬರೀ ಒಂದು ಚುಕ್ಕೆ. ಫೋಟೊದಲ್ಲಿ ದಪ್ಪ ಮೀಸೆಯ, ಕಪ್ಪು ಕನ್ನಡಕದ ಗಂಡಸೊಬ್ಬ ಜೀಪಿಗೆ ಒರಗಿ ನಿಂತಿದ್ದ.

“ಇದು ಆರು, ಹೆತ್ತೆ?”

“ಎನಗೆ ಏನ ಗೊತ್ತು, ಕೂಸೇ. ಕೋತಗಿರಿ ಅಂಗಡಿಯಲ್ಲಿ ಕಾಸು ಕೊಟ್ಟು ಈ ಹಳೇ ಪೋನು ವಾಂಗಿದಾಗಲೇ ಒಳಗೆ ಇದ್ದ. ಅಂಗಡಿಯವನೇ ಎಲ್ಲ ಹಾಕಿಕೊಟ್ಟ. ಪಾವ, ಇರಲಿ ಎಂದು ಬಿಟ್ಟೆ.”

ತೋಟ ಅವಳ ಹೆಸರಿನಲ್ಲಿದ್ದುದರಿಂದ ಸುತ್ತಲಿನ ಸಣ್ಣ ಚಹಾ ಬೆಳೆಗಾರರ ಗುಂಪಿಗೆ ಯಾವುದೋ ಪಟ್ಟಿ ನೋಡಿ, ಯಾರದೆಂದು ವಿಚಾರಿಸದೆ, ಅವಳ ನಂಬರನ್ನೂ ಸೇರಿಸಿದ್ದರು. ಹಳೆಯ ಸಂದೇಶಗಳನ್ನು ಓದುತ್ತ ಹೋದೆ. ಯಾರು ಏನೇ ಹೇಳಿದರೂ ಹೆತ್ತೆ ಕೈಮುಗಿಯುವ ಚಿತ್ರ ಒತ್ತುತ್ತಿದ್ದಳು. ಗಿಡ ಸವರುವುದು ಮಳೆಗೆ ಮುಂಚೆಯೋ ಆಮೇಲೋ ಎಂದು ಇಬ್ಬರು ಹಿರಿಯರು ಕಿತ್ತಾಡುವಾಗಲೂ ಒತ್ತಿದ್ದಳು. “ಮೀಸೆಯಣ್ಣನೇ ಕೈಮುಗಿದ ಮೇಲೆ ನಾನು ಪೇಸುವದಿಲ್ಲ” ಎಂದು ಅವರಲ್ಲೊಬ್ಬರು ಬರೆದು ಜಗಳ ಬಿಟ್ಟಿದ್ದರು. ಅಣ್ಣ ಸೈನ್ಯದಲ್ಲಿದ್ದವರೇ ಎಂದು ಯಾರೋ ಕೇಳಿದ್ದರು, ಕೈಮುಗಿದಿದ್ದಳು. ಕೀಳ್ ಕೋತಗಿರಿಯಲ್ಲಿ ಎಸ್ಟೇಟ್ ಇದೆಯಂತೆ ಎಂದದ್ದಕ್ಕೂ ಕೈಮುಗಿದಿದ್ದಳು. ಕೊನೆಗೆ, ಭಾನುವಾರದ ವಾಲಿಬಾಲ್ ಪಂದ್ಯಕ್ಕೆ ಅಣ್ಣನೇ ಮುಖ್ಯ ಅತಿಥಿಯಾಗಬೇಕು ಎಂದು ಕೇಳಿಕೊಂಡಿದ್ದರು. ಅದಕ್ಕೂ ಅದೇ ಉತ್ತರ.

“ಹೆತ್ತೆ, ನಿನ್ನ ಚೀಫ್ ಗೆಸ್ಟ್ ಮಾಡಿದ್ದಾರೆ.”

“ಊಟ ಹಾಕುವರಾ?”

“ಹಾಕುವರಂತೆ.”

“ಅಂದರೆ ಹೋಪ.”

ಮುಂಚೆಯೇ ನಿಜ ಹೇಳಿಬಿಡೋಣ ಎಂದು ಗುಂಪಿನ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಸಿಗ್ನಲ್ ಸರಿಯಿರಲಿಲ್ಲ. ನಾನು “ಮೀಸೆಯಣ್ಣನ ಮನೆಯಿಂದ” ಎಂದದ್ದಷ್ಟೇ ಅವರಿಗೆ ಕೇಳಿತು. ಸಂತೋಷದಿಂದ “ಬ್ಯಾನರು ರೆಡಿ” ಎಂದು ಫೋನಿಟ್ಟುಬಿಟ್ಟರು, ಮತ್ತೆ ಸಿಗಲಿಲ್ಲ.

ಭಾನುವಾರ ಮಿನಿಬಸ್ಸಿನಿಂದ ಇಳಿದಾಗ ಮೈದಾನದ ಬಾಯಿಗೆ ಆ ಮೀಸೆ ಜಮಖಾನದಷ್ಟು ಅಗಲವಾಗಿ ನೇತಾಡುತ್ತಿತ್ತು. ಮುಖ್ಯಸ್ಥರು ಹಾರ ಹಿಡಿದು ರಸ್ತೆ ನೋಡುತ್ತಿದ್ದರು, ಜೀಪು ಬರುತ್ತದೆಂದು. ಪಕ್ಕದಲ್ಲಿ ಹೆತ್ತೆ ಬಿಳಿ ಮುಂಡು ಉಟ್ಟು, ತಲೆಗೆ ಬಿಳಿ ಬಟ್ಟೆ ಕಟ್ಟಿ, ಹಾರ ಯಾವಾಗ ಹಾಕುತ್ತಾರೋ ಎಂದು ನಿಂತಿದ್ದಳು.

ಫೋನ್ ಮಾಡಿದವಳು ನಾನೇ ಎಂದೆ. “ಅಣ್ಣ ಎಲ್ಲಿ, ಅಮ್ಮಾ?” ಎಂದರು ನನಗೆ.

“ಅಣ್ಣ ಇವಳೇ.”

ಅವರು ಬ್ಯಾನರು ನೋಡಿದರು, ಹೆತ್ತೆಯನ್ನು ನೋಡಿದರು, ಮತ್ತೆ ಬ್ಯಾನರು ನೋಡಿದರು. ಅಷ್ಟರಲ್ಲಿ ಅಂದು ಜಗಳ ಬಿಟ್ಟ ಹಿರಿಯರು ಮುಂದೆ ಬಂದು, “ಅಂದು ಕೈಮುಗಿದದು ನೀನಾ, ಅಕ್ಕಾ?” ಎಂದರು.

“ನೀವು ಕೂಗಾಡಿದಿರಿ. ಎನ್ನ ಬೆರಳಿಗೆ ಅದೇ ಸಿಕ್ಕಿತು.”

ಆ ಹಿರಿಯರೇ ಮೊದಲು ನಕ್ಕರು. ಹಾರ ಹೆತ್ತೆಯ ಕೊರಳಿಗೆ ಬಿತ್ತು. ಪಂದ್ಯ ಉದ್ಘಾಟಿಸಲು ಅವಳು ಹೊಡೆದ ಚೆಂಡು ತೋಟದೊಳಗೆ ಉರುಳಿಹೋಗಿ, ಎರಡೂ ತಂಡದವರು ಚಹಾ ಗಿಡಗಳ ನಡುವೆ ಬಗ್ಗಿ ಬಹಳ ಹೊತ್ತು ಹುಡುಕಿದರು. ಊಟವಾದ ಮೇಲೆ ಆಟ ಮುಂದುವರಿಯಿತು. ಮುಖ್ಯ ಅತಿಥಿ ಕುರ್ಚಿಯಲ್ಲೇ ನಿದ್ದೆ ಹೋದರು.

ನನ್ನ ಗೈಡ್ ಮೇಡಂ ಪ್ರಾಜೆಕ್ಟನ್ನು ಮೆಚ್ಚಿದರು. ಆದರೆ, “ಫೋಟೊದ ಮನುಷ್ಯನ ಒಪ್ಪಿಗೆ ತಗೊಂಡಿದ್ದೀಯಾ?” ಎಂದು ಕೇಳಿದರು. ಕೋತಗಿರಿಯ ಆ ಅಂಗಡಿಗೂ ಹೋಗಿ ವಿಚಾರಿಸಿದೆ. ಅವನು ಯಾರೆಂದು ಅಲ್ಲಿ ಯಾರಿಗೂ ತಿಳಿಯದು. ಆ ಫೋಟೊ ಕೈಬಿಟ್ಟು ಪ್ರಾಜೆಕ್ಟ್ ಒಪ್ಪಿಸಿದೆ, ಪಾಸಾಯಿತು.

ಆ ಭಾನುವಾರ ಗುಂಪಿನ ಹುಡುಗಿಯೊಬ್ಬಳು ಹೆತ್ತೆಗೆ ದನಿ ರೆಕಾರ್ಡು ಮಾಡಿ ಕಳಿಸುವುದನ್ನು ಕಲಿಸಿಕೊಟ್ಟಳು. ಈಗ ಬೆಳಗಾದರೆ ಮಂಜು ಎಷ್ಟಿದೆ, ಕಾಡುಕೋಣ ಯಾರ ತೋಟದಲ್ಲಿ ನಿಂತಿದೆ, ಯಾರ ಸೊಸೆ ಬಸುರಿ ಎಂದು ಒಂದೇ ಉಸಿರಿಗೆ ಹೇಳಿ ಕಳಿಸುತ್ತಾಳೆ. ಎಲೆ ಕೀಳಲು ಹೋಗುವವರು ಕಾಡುಕೋಣದವರೆಗೆ ಕೇಳಿ ನಿಲ್ಲಿಸುತ್ತಾರಂತೆ.